ತೆರೆಯ ಬಿಜ್ಜಳ, ಶಾಸನದ ಬಿಜ್ಜಳ

ಕಲಬುರಗಿಯ ಬಳಿಯ ಶರಣಸಿರಸಗಿಯ ಹೆಸರಿನಲ್ಲೇ ಶರಣರ ನೆನಪಿದೆ. ಈ ಸೀಮೆಯಲ್ಲಿ ಬಸವಣ್ಣನವರ ಕಥೆ ಬಂದಲ್ಲೆಲ್ಲ ಕಲ್ಯಾಣದ ಕಳಚುರಿ ಅರಸ ಬಿಜ್ಜಳನೂ ಬರುತ್ತಾನೆ. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ರಾಜಕುಮಾರರು ಆ ಪಾತ್ರ ವಹಿಸಿದರು. ಅನೇಕರಿಗೆ ಬಿಜ್ಜಳನೆಂದರೆ ಆ ಮುಖವೇ.

ಚಿತ್ರಕ್ಕೆ ಒಂದು ಅಂತ್ಯ ಬೇಕು. ಹಲವು ಕಥೆಗಳಲ್ಲಿ ಒಂದನ್ನು ಆರಿಸಲೇಬೇಕು. ಇತಿಹಾಸದಲ್ಲಾದರೋ ಬಿಜ್ಜಳನ ಅಂತ್ಯವೇ ವಿವಾದ. ಶೈವ ಪುರಾಣಗಳಲ್ಲಿ ಅವನು ಶರಣರ ಕತ್ತಿಗೆ ಬಲಿಯಾಗುತ್ತಾನೆ. ಜೈನ ಕಥೆಯಲ್ಲಿ ವಿಷಕ್ಕೆ. ಶಾಸನಗಳಿಂದ ತಿಳಿಯುವುದಾದರೋ, 1167ರಲ್ಲಿ ಅವನು ಮಗ ಸೋವಿದೇವನಿಗೆ ರಾಜ್ಯ ಒಪ್ಪಿಸಿದನೆಂಬುದು. ಒಂದೇ ಕಥೆಯನ್ನು ನಿಜವೆಂದು ನಂಬಿದರೆ ಅರಸನಿಗೆ ಕ್ರೂರಿಯೆಂಬ, ಶರಣರಿಗೆ ಕೊಲೆಗಾರರೆಂಬ ಕಳಂಕ ಉಳಿಯುತ್ತದೆ.

ಚಿತ್ರವನ್ನು ಮನಸಾರೆ ನೋಡೋಣ. ತೀರ್ಪನ್ನು ಮಾತ್ರ ಕಲ್ಲಿನ ಬರಹವನ್ನೂ ಕೇಳಿದ ಮೇಲೆ ಕೊಡೋಣ.