ಬೇಸಿಗೆಯ ಐದು ಆಟ, ಮತ್ತು ‘ಮೆರಿಟ್’ ಅನ್ನೋ ತಕ್ಕಡಿ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಮೀಸಲಾತಿ ಬಗ್ಗೆ ನಾನು ಏನು ಬರೆದರೂ ಒಬ್ಬರಲ್ಲ ಒಬ್ಬರು ಬಂದು ಈ ಮಾತು ಹೇಳೇ ಹೇಳ್ತಾರೆ: "ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡಿ ಸ್ವಾಮಿ. ಅಲ್ಲಿ ಕಪ್ಪು ಜನರೇ ಹೆಚ್ಚು. ಯಾವ ಕೋಟಾನೂ ಇಲ್ಲ, ಬರೀ ಮೆರಿಟ್." ಮಾತು ಕೇಳೋಕೆ ಚೆನ್ನಾಗಿದೆ. ಹೇಳುವವರಲ್ಲಿ ಎಷ್ಟು ಜನ ಆ ಆಟ ನೋಡಿದ್ದಾರೋ ನನಗೆ ಅನುಮಾನ. ನಾನಂತೂ ನೋಡ್ತೀನಿ. ಭಾನುವಾರ ನಾನು ಪಾಠ ಹೇಳೋಕೆ ಹೋಗುವ ಹಾಸ್ಟೆಲ್‌ನ ಹುಡುಗರು ಹಚ್ಚಿದ ಹುಚ್ಚು ಇದು. ನೋಡ್ತಾ ನೋಡ್ತಾ ನನಗೆ ಆಟಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವರು ಹೊಸಬರನ್ನು ತೂಗುವ ರೀತಿ. ಅದರ ಚರಿತ್ರೆ ಕೆದಕಿದರೆ ‘ಬರೀ ಮೆರಿಟ್’ ಎಷ್ಟು ಬರೀ ಅನ್ನೋದು ಗೊತ್ತಾಗುತ್ತೆ.

ಮೊದಲು ಪದ್ಧತಿ ಹೇಳಿಬಿಡ್ತೀನಿ. ಎನ್‌ಬಿಎಯಲ್ಲಿ 30 ತಂಡಗಳು. ಪ್ರತಿವರ್ಷ ಜೂನ್ ಹೊತ್ತಿಗೆ ಡ್ರಾಫ್ಟ್ ನಡೆಯುತ್ತೆ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇಲ್ಲೊಂದು ತಮಾಷೆ ಇದೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೇ ಮೊದಲು ಆರಿಸುವ ಅವಕಾಶ ಹೆಚ್ಚು. 1985ರಿಂದ ಅದಕ್ಕೆ ಲಾಟರಿ ಎತ್ತುತ್ತಾರೆ. ಕೆಳಗೆ ಬಿದ್ದವರನ್ನು ಎತ್ತಿ ನಿಲ್ಲಿಸದಿದ್ದರೆ ಆಟವೇ ನಡೆಯಲ್ಲ ಅನ್ನೋದು ಕೋಟ್ಯಧಿಪತಿ ಮಾಲೀಕರಿಗೇ ಗೊತ್ತಿದೆ. ಅಲ್ಲಿ ಮಾತ್ರ ಯಾರೂ ಮೆರಿಟ್ ಹಾಳಾಯ್ತು ಅಂತ ಬಾಯಿ ಬಡ್ಕೊಳ್ಳಲ್ಲ.

ಡ್ರಾಫ್ಟ್ ಮುಗಿದ ಮೇಲೆ ಜುಲೈಯಲ್ಲಿ ಲಾಸ್ ವೇಗಸ್‌ನಲ್ಲಿ ಸಮ್ಮರ್ ಲೀಗ್. 2004ರಲ್ಲಿ ಆರು ತಂಡಗಳಿಂದ ಶುರುವಾದದ್ದು, 2018ರಿಂದ ಮೂವತ್ತೂ ತಂಡಗಳು ಬರ್ತಿವೆ. ಹತ್ತು ಹನ್ನೊಂದು ದಿನದ ಜಾತ್ರೆ. ಒಂದು ತಂಡಕ್ಕೆ ಐದಾರು ಆಟ. ನಿಜವಾದ ಆಟ 48 ನಿಮಿಷ, ಇಲ್ಲಿ 40. ದೊಡ್ಡ ತಾರೆಯರು ಅಂಗಳಕ್ಕೆ ಇಳಿಯಲ್ಲ, ಪಕ್ಕದಲ್ಲಿ ಕೂತು ನೋಡ್ತಾರೆ. ಆಡೋರು ಈಗಷ್ಟೇ ಆರಿಸಿದ ಹುಡುಗರು, ಎರಡನೇ ವರ್ಷದವರು, ಡ್ರಾಫ್ಟ್‌ನಲ್ಲಿ ಯಾರೂ ಕೇಳದೆ ಉಳಿದವರು, ಬೇರೆ ದೇಶಗಳಲ್ಲಿ ಆಡಿ ಇನ್ನೊಂದು ಸಲ ಅದೃಷ್ಟ ನೋಡೋಕೆ ಬಂದವರು. ಒಟ್ಟಿಗೆ ಅಭ್ಯಾಸ ಮಾಡಿರೋದು ಕೆಲವೇ ದಿನ. ಯಾರು ಎಲ್ಲಿ ನಿಲ್ತಾರೆ ಅನ್ನೋದೇ ಒಬ್ಬರಿಗೊಬ್ಬರಿಗೆ ಸರಿಯಾಗಿ ಗೊತ್ತಿರಲ್ಲ. ಅಕ್ಟೋಬರ್‌ನಲ್ಲಿ 82 ಆಟಗಳ ಹಂಗಾಮು ಶುರುವಾಗುವ ಮೊದಲೇ ಈ ಐದಾಟ ನೋಡಿ ‘ಇವನು ಮುಂದಿನ ದೊರೆ’, ‘ಇವನು ಠುಸ್’ ಅಂತ ತೀರ್ಪು ಬಂದುಬಿಡುತ್ತೆ.

ತೀರ್ಪು ಹೇಗಿರುತ್ತೆ ನೋಡಿ. 2023ರಲ್ಲಿ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮಾ ಮೊದಲನೇ ಆಯ್ಕೆಯಾಗಿ ಸ್ಯಾನ್ ಆಂಟೋನಿಯೋ ತಂಡಕ್ಕೆ ಬಂದ. ವೇಗಸ್‌ನ ಮೊದಲ ಆಟದಲ್ಲಿ 13 ಸಲ ಎಸೆದು ಎರಡೇ ಸಲ ಬುಟ್ಟಿಗೆ ಹಾಕಿದ. ಒಟ್ಟು 9 ಅಂಕ. ಆ ರಾತ್ರಿ ಇಡೀ ಜಗತ್ತು ನಕ್ಕಿತು. ಎರಡು ದಿನ ಬಿಟ್ಟು 27 ಅಂಕ ಹೊಡೆದ. ಸಾಕು, ಇನ್ನು ವಿಶ್ರಾಂತಿ ತಗೋ ಅಂದರು ತಂಡದವರು. ಮುಂದಿನ ವರ್ಷ ಅವನೇ ಸರ್ವಾನುಮತದಿಂದ ವರ್ಷದ ಶ್ರೇಷ್ಠ ಹೊಸ ಆಟಗಾರ. 2017ರಲ್ಲಿ ಲೇಕರ್ಸ್ ತಂಡದ ಲಾಂಜೊ ಬಾಲ್ ಮೊದಲ ಆಟದಲ್ಲಿ 15ಕ್ಕೆ 2. ಅದೇ ಬೇಸಿಗೆ ಮುಗಿಯುವಷ್ಟರಲ್ಲಿ ಸಮ್ಮರ್ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ! 2018ರಲ್ಲಿ ಟ್ರೇ ಯಂಗ್ ಸಾಲ್ಟ್ ಲೇಕ್ ಸಿಟಿಯ ಬೇಸಿಗೆ ಆಟದಲ್ಲಿ 20 ಎಸೆತಕ್ಕೆ ನಾಲ್ಕು ಹಾಕಿ ಬೈಸಿಕೊಂಡ. 2020ಕ್ಕೆ ಅವನು ಆಲ್‌ಸ್ಟಾರ್ ಆಟದ ಮೊದಲ ಐವರಲ್ಲಿ ಒಬ್ಬ.

ತಲೆಕೆಳಗಾದ ಕತೆಯೂ ಉಂಟು. 2012ರಲ್ಲಿ ಬೇಸಿಗೆಯ ಶ್ರೇಷ್ಠ ಆಟಗಾರ ಪ್ರಶಸ್ತಿ ಇಬ್ಬರಿಗೆ ಹಂಚಿತು. ಒಬ್ಬ ಡೇಮಿಯನ್ ಲಿಲ್ಲರ್ಡ್, ಆಮೇಲೆ ಹೆಸರಾಂತ ತಾರೆ. ಇನ್ನೊಬ್ಬ ಜಾಶ್ ಸೆಲ್ಬಿ. ಆ ಹತ್ತು ದಿನ ಇಬ್ಬರೂ ಸರಿಸಮ. ಒಂದು ವರ್ಷ ಕಳೆಯುವಷ್ಟರಲ್ಲಿ ಸೆಲ್ಬಿ ಎನ್‌ಬಿಎಯಿಂದಲೇ ಹೊರಗೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ, ಬರೀ ಲೆಕ್ಕ. ನೂರಕ್ಕೆ ನಲವತ್ತು ಎಸೆತ ಬುಟ್ಟಿಗೆ ಹಾಕುವ ಒಬ್ಬ ಒಳ್ಳೆಯ ಆಟಗಾರ ಇದ್ದಾನೆ ಅನ್ಕೊಳ್ಳಿ. ದಿನಕ್ಕೆ 13 ಎಸೆತ ಎಸೆದರೆ, ಎರಡು ಅಥವಾ ಅದಕ್ಕಿಂತ ಕಡಿಮೆ ಬೀಳುವ ದಿನ ನೂರಕ್ಕೆ ಸುಮಾರು ಆರು. 82 ಆಟದಲ್ಲಿ ಅಂಥ ನಾಲ್ಕೈದು ದಿನ ಬಂದೇ ಬರುತ್ತೆ. ಅದು ಡಿಸೆಂಬರ್‌ನ ಯಾವುದೋ ಮಂಗಳವಾರ ಬಂದರೆ ಯಾರಿಗೂ ನೆನಪೂ ಇರಲ್ಲ. ಜುಲೈನ ಮೊದಲ ದಿನವೇ ಬಂದರೆ ಅವನ ಹಣೆಬರಹ ಅನ್ನಿಸಿಕೊಳ್ಳುತ್ತೆ.

ಹಾಗಾದರೆ ಈ ತಕ್ಕಡಿ ಸುಳ್ಳು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು, ಎರಡನೇ ಸಲ ಯಾರನ್ನು ತೂಗ್ತಾರೆ ಅನ್ನೋದು. ಮೊದಲ ಸುತ್ತಿನಲ್ಲಿ ಆರಿಸಿಕೊಂಡವನಿಗೆ ಎರಡು ವರ್ಷದ ಸಂಬಳ ಕರಾರಿನಲ್ಲೇ ಖಾತ್ರಿ. ಅವನು 13ಕ್ಕೆ 2 ಹಾಕಿದರೂ ಅದು ‘ಕಲಿಕೆ’. ಅವನ ಮೇಲೆ ದುಡ್ಡು ಹಾಕಿದವರಿಗೆ ಅವನು ಗೆಲ್ಲಲೇಬೇಕು, ಹಾಗಾಗಿ ಕಾಯ್ತಾರೆ. ಯಾರೂ ಆರಿಸದೆ ಬಂದವನಿಗೆ ಆ ಐದು ಆಟವೇ ಬದುಕು. ಅದರಲ್ಲೂ ಎಷ್ಟು ನಿಮಿಷ ಬೆಂಚಿನಿಂದ ಏಳಿಸ್ತಾರೋ ಅಷ್ಟೇ. ಅದೇ ಅಂಗಳ, ಅದೇ ಚೆಂಡು, ಅದೇ 13ಕ್ಕೆ 2. ಒಬ್ಬನಿಗೆ ಒಂದು ಕೆಟ್ಟ ಸಂಜೆ, ಇನ್ನೊಬ್ಬನಿಗೆ ಊರಿಗೆ ವಾಪಸ್ ಟಿಕೆಟ್.

ಜೆರೆಮಿ ಲಿನ್ ಕತೆ ಇಲ್ಲಿ ಹೇಳಲೇಬೇಕು. ತೈವಾನ್‌ನಿಂದ ಬಂದ ದಂಪತಿಯ ಮಗ. 2006ರಲ್ಲಿ ತನ್ನ ಹೈಸ್ಕೂಲಿಗೆ ಕ್ಯಾಲಿಫೋರ್ನಿಯಾ ರಾಜ್ಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರೂ ದೊಡ್ಡ ಕಾಲೇಜುಗಳು ಆಟದ ಸ್ಕಾಲರ್‌ಶಿಪ್ ಕೊಡಲಿಲ್ಲ. ಓದಿನ ಬಲದ ಮೇಲೆ ಹಾರ್ವರ್ಡ್‌ಗೆ ಹೋದ. 2010ರ ಡ್ರಾಫ್ಟ್‌ನಲ್ಲಿ ಯಾರೂ ಕೇಳಲಿಲ್ಲ. ಏಷ್ಯಾದ ಮುಖ ಇರೋನು ಈ ಆಟ ಆಡಬಲ್ಲ ಅಂತ ಅವರ ಕಣ್ಣಿಗೆ ಕಾಣಲೇ ಇಲ್ಲ. ತನ್ನ ಜನಾಂಗದ ಕಾರಣಕ್ಕೆ ತನ್ನನ್ನು ಕಡೆಗಣಿಸಿದರು ಅಂತ ಲಿನ್ ತಾನೇ ಆಮೇಲೆ ಹೇಳಿದ್ದಾನೆ. ಡಾಲಸ್ ತಂಡ ಬೇಸಿಗೆ ಆಟಕ್ಕೆ ಮಾತ್ರ ಕರೆದುಕೊಂಡು ಹೋಯಿತು. ಒಂದು ಆಟದ ಕೊನೆಯ ಭಾಗದಲ್ಲಿ, ಆ ವರ್ಷದ ಮೊದಲನೇ ಆಯ್ಕೆ ಜಾನ್ ವಾಲ್ ಎದುರಿಗೆ, ಲಿನ್ ಹೇಗೆ ಆಡಿದ ಅಂದರೆ ವಾಲ್ ನೋಡೋಕೆ ಬಂದಿದ್ದ ಜನ ಇವನಿಗೆ ಕೂಗೋಕೆ ಶುರು ಮಾಡಿದರು. ಆ ಕೆಲವು ನಿಮಿಷಕ್ಕೆ ಗೋಲ್ಡನ್ ಸ್ಟೇಟ್ ತಂಡದ ಕರಾರು ಸಿಕ್ಕಿತು. ಅಂದರೆ ನಾನು ಬೈಯ್ಯುತ್ತಿರುವ ಈ ಬೇಸಿಗೆ ಬಾಗಿಲೇ ಅವನಿಗೆ ಇದ್ದ ಒಂದೇ ಬಾಗಿಲು.

ಒಳಗೆ ಹೋದ ಮೇಲೇನಾಯ್ತು? 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಎರಡು ತಂಡಗಳು ಅವನನ್ನು ಕೈಬಿಟ್ಟವು. ನ್ಯೂಯಾರ್ಕ್ ತಂಡದಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದ. 2012ರ ಫೆಬ್ರವರಿ 4ರಂದು ಬೇರೆ ದಾರಿ ಕಾಣದೆ ಕೋಚ್ ಅವನನ್ನು ಇಳಿಸಿದ. 25 ಅಂಕ. ಆರು ದಿನ ಕಳೆದು ಲೇಕರ್ಸ್ ವಿರುದ್ಧ 38. ಸಾಲಾಗಿ ಏಳು ಗೆಲುವು. ಏಳರ ಬೆನ್ನಿಗೇ ತಂಡ ಒಂದು ಆಟ ಸೋತಿದ್ದೇ ತಡ, ದೊಡ್ಡ ಕ್ರೀಡಾ ಮಾಧ್ಯಮವೊಂದು ಅವನ ಜನಾಂಗವನ್ನು ಹೀಯಾಳಿಸುವ ಪದ ಬಳಸಿ ತಲೆಬರಹ ಹಾಕಿತು. ಬರೆದವನ ಕೆಲಸ ಹೋಯ್ತು. ಆದರೆ ಆ ಪದ ನಾಲಿಗೆ ತುದಿಯಲ್ಲೇ ಇತ್ತಲ್ಲ?

ನಮ್ಮ ದೇಶದಿಂದಲೂ ಒಬ್ಬ ಅಲ್ಲಿಗೆ ಹೋಗಿದ್ದ. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಎರಡಿಂಚು. 2015ರಲ್ಲಿ 52ನೇ ಆಯ್ಕೆಯಾಗಿ ಡಾಲಸ್‌ಗೆ ಹೋದ, ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದವರಲ್ಲಿ ಮೊದಲಿಗ. ಬೇಸಿಗೆ ಆಟ ಆಡಿದ, ಕೆಳಹಂತದ ಲೀಗ್‌ನಲ್ಲಿ ಎರಡು ವರ್ಷ ಆಡಿದ. ಎನ್‌ಬಿಎ ಅಂಗಳಕ್ಕೆ ಒಂದು ನಿಮಿಷವೂ ಇಳಿಯಲಿಲ್ಲ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ‘ಕೋಟಾ ಇಲ್ಲ’ ಅಂತಾರಲ್ಲ, ಇತ್ತು ಸ್ವಾಮಿ. ಉಲ್ಟಾ ಕೋಟಾ. 1950ರವರೆಗೆ ಎನ್‌ಬಿಎಯಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಆ ವರ್ಷ ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಬಂದರು. ಆಮೇಲೂ ಒಂದು ತಂಡದಲ್ಲಿ ಇಷ್ಟೇ ಜನ ಕಪ್ಪು ಆಟಗಾರರು ಅಂತ ಎಲ್ಲೂ ಬರೆಯದ ಲೆಕ್ಕ ಬಹಳ ಕಾಲ ನಡೆಯಿತು. ಐದೂ ಜನ ಕಪ್ಪು ಆಟಗಾರರನ್ನು ಒಂದು ತಂಡ ಆಟದ ಶುರುವಿನಲ್ಲೇ ಇಳಿಸಿದ್ದು 1964ರ ಡಿಸೆಂಬರ್ 26ರಂದು, ಬಾಸ್ಟನ್ ಸೆಲ್ಟಿಕ್ಸ್. ಒಬ್ಬನಿಂದ ಐದು ಜನಕ್ಕೆ ಹೋಗೋಕೆ 14 ವರ್ಷ. ಇದು ಮೆರಿಟ್ ಮಾತ್ರ ನೋಡುವ ಆಟದ ಚರಿತ್ರೆ.

ಈ ಹದಿನಾಲ್ಕು ವರ್ಷದ ನಡುವೆ ಕ್ಲಿಯೊ ಹಿಲ್ ಅಂತ ಒಬ್ಬ ಬರ್ತಾನೆ. ಕಪ್ಪು ಜನರ ಕಾಲೇಜೊಂದರಲ್ಲಿ ಓದಿ, 1961ರಲ್ಲಿ ಮೊದಲ ಸುತ್ತಿನಲ್ಲೇ ಸೇಂಟ್ ಲೂಯಿ ಹಾಕ್ಸ್ ಸೇರಿದವನು. ಅಂಕ ಗಳಿಸೋದರಲ್ಲಿ ನಿಸ್ಸೀಮ. ತಂಡದ ಬಿಳಿಯ ತಾರೆಯರಿಗೆ ಈ ಹೊಸಬನ ಕೈಗೆ ಅಷ್ಟು ಚೆಂಡು ಹೋಗೋದು ಸಹ್ಯವಾಗಲಿಲ್ಲ, ಅವನ ಕಡೆಗೆ ಪಾಸ್ ಬರೋದೇ ನಿಂತುಹೋಯ್ತು ಅನ್ನೋದು ಆ ಕಾಲ ಕಂಡವರ ಮಾತು. ಕೋಚ್ ಪಾಲ್ ಸೀಮರ್, ಅವನೂ ಬಿಳಿಯನೇ, ಹುಡುಗನ ಪರ ನಿಂತ. ನವೆಂಬರ್‌ನಲ್ಲಿ ಕೋಚ್ ಕೆಲಸವೇ ಹೋಯ್ತು. ಹಿಲ್ ಆಡಿದ್ದು ಆ ಒಂದು ಹಂಗಾಮು ಮಾತ್ರ. ಮತ್ತೆ ಯಾವ ಎನ್‌ಬಿಎ ತಂಡವೂ ಆಡಿಸಲಿಲ್ಲ. ಆಮೇಲೆ ನ್ಯೂವಾರ್ಕ್‌ನ ಒಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಹುಡುಗರಿಗೆ ಆಟ ಕಲಿಸಿದ.

ಅವನ ಅಂಕಪಟ್ಟಿ ಈಗ ತೆಗೆದು ನೋಡಿದರೆ ಸಾಧಾರಣ ಅನ್ನಿಸುತ್ತೆ. ಪಟ್ಟಿಯಲ್ಲಿ ಎಸೆತಗಳ ಲೆಕ್ಕ ಇದೆ. ಬಾರದೇ ಹೋದ ಪಾಸ್‌ಗಳಿಗೆ ಕಾಲಂ ಇಲ್ಲ.

ಓದುವಾಗ ನನಗೆ ನಮ್ಮ ಪಾಲ್ವಂಕರ್ ಬಾಲೂ ನೆನಪಾದರು. ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ, ಪುಣೆ-ಮುಂಬೈ ಕ್ರಿಕೆಟ್‌ನ ಮಹಾ ಬೌಲರ್. ಅವರನ್ನು ಒಂದು ಇಡೀ ಬೇಸಿಗೆ ತೂಗಿದ್ದರು, ಐದು ಆಟ ಅಲ್ಲ: 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್. ಇದಕ್ಕಿಂತ ಇನ್ನೇನು ಬೇಕು? ಪುಣೆಯಲ್ಲಿ ತಂಡದವರಿಗೆ ಪೆವಿಲಿಯನ್ ಒಳಗೆ ಚಹಾ, ಇವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಜಗಳ ಮಾಡಿ, ತಂಡ ಬಿಟ್ಟು ಹೊರನಡೆದು, ಕೊನೆಗೆ 1923ರಲ್ಲಿ ತಮ್ಮ ವಿಠಲ್ ನಾಯಕನಾದ, ಆ ವರ್ಷ ಕಪ್ ಕೂಡ ಗೆದ್ದರು. ಅಂಕಿ ಕಡಿಮೆ ಇದ್ದಾಗ ‘ಮೆರಿಟ್ ಇಲ್ಲ’. ಅಂಕಿ ಕಣ್ಣಿಗೆ ರಾಚುವಷ್ಟು ಇದ್ದಾಗ ‘ಅಂಕಿಯೊಂದೇ ಸಾಲದು’.

ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಬೇಷನ್ ಕಾಗದದಲ್ಲಿ ಎಲ್ಲರಿಗೂ ಎರಡು ವರ್ಷ. ನಾನು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ನನ್ನ ಜೊತೆ ಇನ್ನೊಬ್ಬ ಸೇರಿದ್ದ. ಅವನನ್ನು ಹಳಬರು ಪಕ್ಕದಲ್ಲಿ ಕೂರಿಸಿಕೊಂಡು ಟಿಪ್ಪಣಿ ಹೇಗೆ ಬರೀಬೇಕು, ಯಾವ ಕಡತ ಯಾರ ಮೇಜಿಗೆ ಹೋಗಬೇಕು ಎಲ್ಲ ತಿದ್ದಿ ತೀಡಿದರು. ನನ್ನ ಕೈಗೆ ಟಪಾಲು ರಿಜಿಸ್ಟರ್ ಕೊಟ್ಟು ಮೂಲೆಗೆ ಕೂರಿಸಿದರು, ಆರು ತಿಂಗಳು. ಅವನ ಕಡತ ಮೇಲಿಂದ ವಾಪಸ್ ಬಂದರೆ "ಹೊಸ ಹುಡುಗ, ಕಲೀತಾನೆ ಬಿಡಿ." ನಮ್ಮವರು ಯಾರದ್ದೇ ಕಡತ ವಾಪಸ್ ಬಂದರೂ "ಗೊತ್ತಲ್ಲ, ಕೋಟಾ." ನಮ್ಮ ಸಮ್ಮರ್ ಲೀಗ್ ಹದಿನೈದು ದಿನಕ್ಕೆ ಮುಗಿದಿರ್ತಿತ್ತು, ಅವನದು ಎರಡು ವರ್ಷವೂ ನಡೀತಿತ್ತು. ನಮ್ಮ ಹೆಣ್ಣುಮಕ್ಕಳಿಗಂತೂ ಆ ಹದಿನೈದು ದಿನವೂ ಇಲ್ಲ. ಮೇಜಿನ ಹತ್ತಿರ ಬರುವಷ್ಟರಲ್ಲೇ ತೀರ್ಪು.

ಹಾಗಾಗಿ ಜುಲೈ ಬಂದಾಗ ಹಾಸ್ಟೆಲ್ ಹುಡುಗರು "ಅಣ್ಣ, ಈ ಸಲ ಯಾರು ಮೇಲೆ ಬರ್ತಾರೆ?" ಅಂತ ಕೇಳಿದರೆ ನಾನು ಅಂಕ ನೋಡಬೇಡಿ ಅನ್ನಲ್ಲ. ನೋಡಿ. ಜೊತೆಗೆ ಅವನಿಗೆ ಎಷ್ಟು ನಿಮಿಷ ಕೊಟ್ಟರು, ಚೆಂಡು ಯಾರ ಕೈಯಿಂದ ಬಂತು, ಕೆಟ್ಟ ಆಟದ ಮಾರನೇ ದಿನ ಮತ್ತೆ ಇಳಿಸಿದರಾ ಇಲ್ವಾ, ಅದನ್ನೂ ನೋಡಿ ಅಂತೀನಿ.

ಮತ್ತೆ ಅರ್ಲ್ ಲಾಯ್ಡ್ ಕತೆ ಹೇಳ್ತೀನಿ. 1950ರ ಅಕ್ಟೋಬರ್ 31, ರಾಚೆಸ್ಟರ್ ಊರಿನಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರವಾಗಿ ಅವನು ಅಂಗಳಕ್ಕೆ ಇಳಿದ. ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ಮನುಷ್ಯ. ಒಂಬತ್ತನೇ ಸುತ್ತಿನಲ್ಲಿ ಆರಿಸಿಕೊಂಡಿದ್ದ ಹುಡುಗ, ಅವತ್ತು ಹೊಡೆದದ್ದು ಆರು ಅಂಕ. ಒಟ್ಟು ಏಳು ಆಟ ಆಡುವಷ್ಟರಲ್ಲಿ ಸೈನ್ಯಕ್ಕೆ ಕರೆ ಬಂತು. ಅವನು ಸೈನ್ಯದಲ್ಲಿ ಇರುವಾಗಲೇ ತಂಡ ಮುಚ್ಚಿಹೋಯ್ತು. ಏಳು ಆಟದ ಲೆಕ್ಕದಲ್ಲಿ ಅವನ ಕತೆ ಅಲ್ಲಿಗೆ ಮುಗೀಬೇಕಿತ್ತು. ಆದರೆ ಸಿರಾಕ್ಯೂಸ್ ತಂಡ ಅವನನ್ನು ತಗೊಂಡಿತು. ವಾಪಸ್ ಬಂದು ಆಡಿದ. 1955ರಲ್ಲಿ ಆ ತಂಡ ಚಾಂಪಿಯನ್ ಆದಾಗ ಲಾಯ್ಡ್ ಅದರಲ್ಲಿದ್ದ, ಜೊತೆಗೆ ಜಿಮ್ ಟಕರ್ ಅಂತ ಇನ್ನೊಬ್ಬ ಕಪ್ಪು ಆಟಗಾರನೂ ಇದ್ದ. ಒಟ್ಟು ಒಂಬತ್ತು ಹಂಗಾಮು, 560 ಆಟ.

ಜೈ ಭೀಮ್.