ಸಾಮರಸ್ಯ ಏಡಿಯಾದದ್ದು

ಚೀನಿ ಭಾಷೆಯಲ್ಲಿ ‘ಹಶಿಯೆ’ ಎಂದರೆ ಸಾಮರಸ್ಯ. ಹಳೆಯ, ಗೌರವದ ಮಾತು. 2004ರಲ್ಲಿ ಹು ಜಿಂಟಾವೊ ಕಾಲದ ಕಮ್ಯುನಿಸ್ಟ್ ಪಕ್ಷ ‘ಸಾಮರಸ್ಯದ ಸಮಾಜ’ ಕಟ್ಟುತ್ತೇವೆಂದು ಹೊರಟ ಮೇಲೆ ಭಾಷಣ, ಬ್ಯಾನರುಗಳಲ್ಲೆಲ್ಲ ಅದೇ ಪದ. ಸರ್ಕಾರಕ್ಕೆ ಹಿಡಿಸದ ಬರಹಗಳು ಅಂತರ್ಜಾಲದಿಂದ ಮಾಯವಾಗುತ್ತಿದ್ದದ್ದೂ ಅದರ ಹೆಸರಿನಲ್ಲೇ. ಜನ ಆ ಪದವನ್ನೇ ಹಿಡಿದುಕೊಂಡರು. ಬರೆದದ್ದನ್ನು ಯಾರೋ ಅಳಿಸಿದರೆ ‘ನನ್ನದೂ ಸಾಮರಸ್ಯಕ್ಕೆ ಒಳಗಾಯಿತು’ ಎನ್ನತೊಡಗಿದರು. ಅಳಿಸಿದವರು ಯಾರೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಆ ಪದಕ್ಕೂ ಕತ್ತರಿ ಬೀಳತೊಡಗಿದಾಗ ಏಡಿ ಬಂತು. ಹೊಳೆಯ ಏಡಿಯೂ ಚೀನಿಯಲ್ಲಿ ‘ಹಶಿಯೆ’ಯೇ, ಲಿಪಿ ಬೇರೆ, ದನಿಯ ಏರಿಳಿತ ಕೊಂಚ ಬೇರೆ. ಏಡಿಯ ಅಡ್ಡನಡಿಗೆಯನ್ನು ನಮ್ಮ ಕರಾವಳಿ, ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಚೀನಿಯರಲ್ಲಿ ‘ಅಡ್ಡ ನಡೆಯುವುದು’ ಎಂದರೆ ಹೇಳಕೇಳುವವರಿಲ್ಲದೆ ಮೆರೆಯುವುದು ಎಂದೂ ಅರ್ಥ. ಚಿತ್ರಗಳಲ್ಲಿ ಆ ಏಡಿಗೆ ಮೂರು ಕೈಗಡಿಯಾರ ತೊಡಿಸಿದರು. ಹಿಂದಿನ ನಾಯಕ ಜಿಯಾಂಗ್ ಜೆಮಿನ್ ಅವರ ‘ಮೂರು ಪ್ರಾತಿನಿಧ್ಯ’ ಸಿದ್ಧಾಂತದ ಹೆಸರೂ ‘ಮೂರು ಗಡಿಯಾರ ಕಟ್ಟಿಕೊಂಡಿದ್ದಾನೆ’ ಎಂಬ ಮಾತೂ ಚೀನಿ ಕಿವಿಗೆ ಹತ್ತಿರ ಹತ್ತಿರ. ಒಂದೇ ಏಡಿಯ ಮೈಮೇಲೆ ಇಬ್ಬರು ನಾಯಕರ ಘೋಷಣೆ!

ಇದೆಲ್ಲ ಹುಡುಗಾಟ, ಇದರಿಂದ ಸರ್ಕಾರ ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ಬೀಳಲಿಲ್ಲ, ನಿಜ. ಆದರೆ ಆಳುವವರಿಗೆ ಬೇಕಿದ್ದದ್ದು ಸಾಮರಸ್ಯವೆಂಬ ಪದದ ಒಳ್ಳೆಯ ಹೆಸರು. ವೇದಿಕೆಯಿಂದ ಆ ಪದ ಕೇಳಿಸಿದಾಗ ಸಭೆಯಲ್ಲಿ ಕೂತವನ ಕಣ್ಣಿಗೆ ಏಡಿ ಕಂಡರೆ ಆ ಹೆಸರು ಉಳಿಯುವುದಿಲ್ಲ. ಎದುರು ನಿಂತು ಹೇಳುವ ದಾರಿಗಳೆಲ್ಲ ಮುಚ್ಚಿದ ಕಡೆ ಇದನ್ನು ಸಣ್ಣ ಕೆಲಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಲಾವಿದ ಐ ವೀವೀ ಈ ಪದವನ್ನು ಊಟದೆಲೆಗೇ ತಂದರು. ಸ್ಥಳೀಯ ಆಡಳಿತ ತಾನೇ ಕರೆದು ಕಟ್ಟಿಸಿದ್ದ ಅವರ ಶಾಂಘೈ ಸ್ಟುಡಿಯೊವನ್ನು ಕೆಡವಲು ಆದೇಶ ಬಂದಾಗ, 2010ರ ನವೆಂಬರಿನಲ್ಲಿ ಅಲ್ಲಿ ಏಡಿಯೂಟಕ್ಕೆ ಎಲ್ಲರನ್ನೂ ಕರೆದರು. ಅದು ಶಾಂಘೈಯಲ್ಲಿ ಏಡಿಯ ಸುಗ್ಗಿಯ ಕಾಲ. ಪೊಲೀಸರು ಅವರನ್ನು ಬೀಜಿಂಗಿನ ಮನೆಯಲ್ಲೇ ಕೂಡಿಹಾಕಿದರು. ಕರೆದಾತ ಇಲ್ಲದಿದ್ದರೂ ನೂರಾರು ಜನ ಬಂದು, ಏಡಿಯ ಚಿಪ್ಪೊಡೆದು, ‘ಹಶಿಯೆ’ಯ ಹೆಸರು ಕೂಗುತ್ತ ಉಂಡರು. ಮಾರನೆಯ ಜನವರಿಯಲ್ಲಿ ಸ್ಟುಡಿಯೊ ನೆಲಸಮವಾಯಿತು. ಆಮೇಲೆ ಐ ಪಿಂಗಾಣಿಯಲ್ಲಿ ಮಾಡಿಸಿದ ಮೂರು ಸಾವಿರಕ್ಕೂ ಹೆಚ್ಚು ಏಡಿಗಳ ರಾಶಿ ‘ಹಶಿಯೆ’ ಎಂಬ ಹೆಸರಿನಲ್ಲೇ ಹೊರದೇಶಗಳ ಮ್ಯೂಸಿಯಂಗಳಲ್ಲಿ ಪ್ರದರ್ಶನಗೊಂಡಿತು. ಐ ಅವರನ್ನು 2011ರ ಏಪ್ರಿಲ್‌ನಲ್ಲಿ ಹಿಡಿದೊಯ್ದು 81 ದಿನ ಬಂಧನದಲ್ಲಿಟ್ಟರು. ಪಾಸ್‌ಪೋರ್ಟ್ ಕೈಗೆ ವಾಪಸ್ ಬಂದದ್ದು 2015ರ ಜುಲೈನಲ್ಲಿ.