ಕುಶಿಂಗ್ ಸಿಂಡ್ರೋಮ್ ಮತ್ತು ಹಾರ್ಮೋನು ಸ್ರವಿಸುವ ಗಡ್ಡೆಗಳು: ಸಾರ್ವಜನಿಕರಿಗೆ ಮಾಹಿತಿ

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಹಾರ್ಮೋನು ದೀರ್ಘಕಾಲ ಮಿತಿಮೀರಿದಲ್ಲಿ ಉಂಟಾಗುವ ಸ್ಥಿತಿಯನ್ನು ಕುಶಿಂಗ್ ಸಿಂಡ್ರೋಮ್ ಎನ್ನಲಾಗುತ್ತದೆ. ಸ್ಟಿರಾಯ್ಡ್ ಔಷಧಿಗಳ ದೀರ್ಘ ಸೇವನೆಯೇ ಇದಕ್ಕೆ ಸಾಮಾನ್ಯ ಕಾರಣವಾಗಿರುತ್ತದೆ. ಇವುಗಳನ್ನು ಸೇವಿಸದ ರೋಗಿಗಳಲ್ಲಿ ಹೆಚ್ಚಿನವರಿಗೆ ಪಿಟ್ಯುಟರಿ ಗ್ರಂಥಿಯ ಗಡ್ಡೆ ಕಾರಣ. ಸುಮಾರು ಹತ್ತರಲ್ಲಿ ಒಬ್ಬರಿಗೆ ಶ್ವಾಸಕೋಶ, ಥೈಮಸ್ ಅಥವಾ ಮೇದೋಜ್ಜೀರಕ ಗ್ರಂಥಿಯಲ್ಲಿನ ನ್ಯೂರೋಎಂಡೋಕ್ರೈನ್ ಗಡ್ಡೆಯು ಎಸಿಟಿಎಚ್ ಹಾರ್ಮೋನನ್ನು ಸ್ರವಿಸಿ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುತ್ತದೆ.

ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ನೇರಳೆ ಗೆರೆಗಳು, ರಕ್ತದೊತ್ತಡ ಹಾಗೂ ಸಕ್ಕರೆ ಅಂಶದ ಏರಿಕೆ ಇದರ ಲಕ್ಷಣಗಳು. ಗಡ್ಡೆಯು ಶೀಘ್ರವಾಗಿ ಬೆಳೆಯುವಂತಹದಾದಲ್ಲಿ ತೂಕ ಇಳಿಯಲೂಬಹುದು. ತೊಡೆಗಳು ಬಲಗುಂದಿ, ಚರ್ಮ ಕಪ್ಪಾಗಿ, ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುತ್ತದೆ. ರಕ್ತದೊತ್ತಡಕ್ಕೆ ಒಂದು ಕಡೆ, ಸಕ್ಕರೆ ಕಾಯಿಲೆಗೆ ಇನ್ನೊಂದು ಕಡೆ ಚಿಕಿತ್ಸೆ ಪಡೆಯುತ್ತ ಮೂಲರೋಗ ಪತ್ತೆಯಾಗದೆ ಉಳಿಯುವುದುಂಟು. ಆದ್ದರಿಂದ ಎಲ್ಲ ಚೀಟಿಗಳನ್ನೂ ಒಬ್ಬರೇ ವೈದ್ಯರಿಗೆ ತೋರಿಸತಕ್ಕದ್ದು. ಕೀಲುನೋವು, ಉಬ್ಬಸಗಳಿಗೆ ಸೇವಿಸಿದ ಮಾತ್ರೆಗಳನ್ನು ಮರೆಮಾಚಬಾರದು. ಸ್ಟಿರಾಯ್ಡ್‌ನ್ನು ಸ್ವಂತ ನಿರ್ಧಾರದಿಂದ ಹಠಾತ್ತನೆ ನಿಲ್ಲಿಸುವುದೂ ಅಪಾಯಕರ.

24 ಗಂಟೆಗಳ ಮೂತ್ರದಲ್ಲಿನ ಕಾರ್ಟಿಸಾಲ್, ಡೆಕ್ಸಾಮೆಥಾಸೋನ್ ಪರೀಕ್ಷೆ ಹಾಗೂ ರಕ್ತದ ಎಸಿಟಿಎಚ್ ಪ್ರಮಾಣದಿಂದ ರೋಗವನ್ನು, ಎಂಆರ್‌ಐ ಮತ್ತು ಸಿಟಿ ಸ್ಕ್ಯಾನ್‌ಗಳಿಂದ ಗಡ್ಡೆಯ ಸ್ಥಾನವನ್ನು ಗುರುತಿಸಲಾಗುತ್ತದೆ. ಗಡ್ಡೆಯು ಅತಿ ಚಿಕ್ಕದಾಗಿದ್ದು ಮೊದಲ ಸ್ಕ್ಯಾನ್‌ನಲ್ಲಿ ಕಾಣದಿರಬಹುದು. ಸಾಧ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಅಲ್ಲಿಯವರೆಗೆ ಕಾರ್ಟಿಸಾಲ್ ತಗ್ಗಿಸುವ ಔಷಧಿ ನೀಡಲಾಗುತ್ತದೆ.

ಬಸವನ ಬಾಗೇವಾಡಿ ತಾಲ್ಲೂಕಿನ ನಾಗರಿಕರು ಮೊದಲಿಗೆ ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಅಗತ್ಯವಿದ್ದಲ್ಲಿ ಶಿಫಾರಸು ಪತ್ರ ಪಡೆಯುವುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಜೊತೆಯಲ್ಲಿ ತರತಕ್ಕದ್ದು.